ಎಷ್ಟು ಬಗೆ ಅಂತ ಎಣಿಸಬೇಡಿ, ಕನ್ನಡಿ ಇಲ್ಲದೆ ಬದಲಾಯಿಸಿ ನೋಡಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಹಲವು ಬಗೆಯಲ್ಲಿ ಹಾಕಿಕೊಳ್ಳಬಹುದಾದ ಟೋಪಿಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಹನ್ನೆರಡು ಫೋಟೊ, ಹನ್ನೆರಡರಲ್ಲೂ ಬೇರೆ ಬೇರೆ ರೂಪ. ಈ ವಿಷಯ ಪತ್ರಿಕೆಯಲ್ಲಿ ಬಂತಲ್ಲ ಅನ್ನುವುದೇ ನನಗೆ ದೊಡ್ಡ ಖುಷಿ. ಉಡುಪಿನ ಬಗ್ಗೆ ಬರೆಯುವವರು ಕತ್ತಿನಿಂದ ಮೇಲಕ್ಕೆ ಬರುವುದು ಕಡಿಮೆ. ಆದರೆ ಓದಿ ಮುಗಿಸಿದ ಮೇಲೆ ಒಂದು ಮಾತು ಹೇಳದೆ ಇರೋಕೆ ಆಗಲಿಲ್ಲ. ನಾನು ಒಂಬತ್ತು ವರ್ಷದಿಂದ ಟೋಪಿ ಹೊಲಿಯುತ್ತಿದ್ದೇನೆ. ಇದೇ ಕೆಲಸ, ಬೇರೆ ಏನೂ ಹೊಲಿಯುವುದಿಲ್ಲ. ಹಾಗಾಗಿ ಪತ್ರ ಸ್ವಲ್ಪ ಉದ್ದವಾದರೆ ಕ್ಷಮಿಸಿ.

ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟು. ಒಂದು ಟೋಪಿಯನ್ನು ಎಷ್ಟು ಬಗೆಯಲ್ಲಿ ಹಾಕಬಹುದು ಅಂತ ಎಣಿಸಿದರೆ ಅದು ಒಳ್ಳೆಯದೋ ಅಲ್ಲವೋ ಗೊತ್ತಾಗುವುದಿಲ್ಲ. ಟೋಪಿ ತಲೆ ಮೇಲೇ ಇರಬೇಕು, ಎದುರಿಗೆ ಕನ್ನಡಿ ಇರಬಾರದು, ಒಂದು ಕೈಯಲ್ಲಿ ಚೀಲ ಇರಬೇಕು. ಆಗ ಇನ್ನೊಂದು ಕೈಯಲ್ಲಿ ಅದನ್ನು ಎಷ್ಟು ಬಗೆಗೆ ಬದಲಾಯಿಸೋಕೆ ಆಗುತ್ತೆ? ಆ ಲೆಕ್ಕ ಬೇಕು. ನಿಮ್ಮ ಬರಹದಲ್ಲಿದ್ದ ಹನ್ನೆರಡರಲ್ಲಿ ಈ ಪರೀಕ್ಷೆಗೆ ನಿಲ್ಲುವುದು ಎರಡೋ ಮೂರೋ ಅಷ್ಟೇ. ಉಳಿದವಕ್ಕೆ ಪಿನ್ನು ಬೇಕು, ಎರಡು ಕೈ ಬೇಕು, ಹಿಂದೆ ನಿಂತು ಗಂಟು ಹಾಕಲು ಇನ್ನೊಬ್ಬರು ಬೇಕು.

ಇದು ನನಗೆ ಗೊತ್ತಾಗಿದ್ದು ನನ್ನ ಅಕ್ಕನಿಂದ. ಆರು ವರ್ಷದ ಹಿಂದೆ ಅವಳಿಗೆ ಸ್ತನ ಕ್ಯಾನ್ಸರ್ ಆಗಿ ಆಪರೇಷನ್ ಆಯಿತು, ಆಮೇಲೆ ಕೀಮೋ. ಕೀಮೋ ಶುರುವಾಗಿ ಮೂರನೇ ವಾರಕ್ಕೆ ಕೂದಲು ಉದುರೋಕೆ ಶುರುವಾಯಿತು. ನಾನು ಟೋಪಿ ಹೊಲಿಯುವವಳೇ ಆದರೂ ಆಗ ಹೊಲಿಯುತ್ತಿದ್ದುದು ಬಿಸಿಲಿನ ಟೋಪಿ ಮತ್ತು ಮಕ್ಕಳ ಟೋಪಿ. ಹಾಗಾಗಿ ಅವಳಿಗೆ ಅಂತ ಹುಡುಕಿ, ಹತ್ತು ಬಗೆಯಲ್ಲಿ ಹಾಕಿಕೊಳ್ಳಬಹುದು ಅಂತ ಪೊಟ್ಟಣದ ಮೇಲೆ ಅಚ್ಚು ಹಾಕಿದ್ದ ಒಂದನ್ನು ತರಿಸಿದೆ. ತುಂಬ ಚೆಂದದ ಬಟ್ಟೆ. ಜೊತೆಗೆ ಚಿತ್ರಗಳಿದ್ದ ಒಂದು ಹಾಳೆ. ಅಕ್ಕ ಅದನ್ನು ಹಾಕಿಕೊಂಡಿದ್ದು ಒಂದೇ ಬಗೆಯಲ್ಲಿ. ಮನೆಯಿಂದ ಹೊರಡುವ ಮುಂಚೆ ಭಾವ ಹಿಂದೆ ನಿಂತು ಕಟ್ಟುತ್ತಿದ್ದರು. ಒಂದು ಸಲ ಕಟ್ಟಿದರೆ ವಾಪಸ್ ಬರುವ ತನಕ ಹಾಗೇ.

ಯಾಕೆ ಅಂತ ಕೇಳಿದೆ. ಎರಡು ಕಾರಣ ಹೇಳಿದಳು. ಆಪರೇಷನ್ ಆದ ಬದಿಯ ಕೈಯನ್ನು ಭುಜಕ್ಕಿಂತ ಮೇಲೆ ಎತ್ತೋಕೆ ಆಗುತ್ತಿರಲಿಲ್ಲ, ಇದು ಒಂದು. ಇನ್ನೊಂದನ್ನು ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು. ರೂಪ ಬದಲಾಯಿಸಬೇಕು ಅಂದರೆ ಒಮ್ಮೆ ಪೂರ್ತಿ ತೆಗೆಯಬೇಕು. ನಾಲ್ಕು ಜನರ ಮುಂದೆ ಅವಳು ತೆಗೆಯೋಕೆ ತಯಾರಿರಲಿಲ್ಲ. ಆಸ್ಪತ್ರೆಯ ಒಳಗೆ ಎಸಿ ಚಳಿ, ಹೊರಗೆ ಬಿಸಿಲು, ವಾಹನದಲ್ಲಿ ಗಾಳಿ. ಮೂರು ಕಡೆ ಮೂರು ಬಗೆ ಬೇಕಿತ್ತು, ಆ ಟೋಪಿಯಲ್ಲಿ ಹತ್ತು ಬಗೆ ಇತ್ತು, ಅವಳಿಗೆ ಸಿಕ್ಕಿದ್ದು ಒಂದು.

ಅದನ್ನು ಮಾಡಿದವರನ್ನು ಬೈಯೋಕೆ ಈ ಪತ್ರ ಬರೆಯುತ್ತಿಲ್ಲ. ಬಟ್ಟೆ ಒಳ್ಳೆಯದಿತ್ತು, ಹೊಲಿಗೆಯೂ ಅಚ್ಚುಕಟ್ಟಾಗಿತ್ತು. ಆದರೆ ಅದನ್ನು ರೂಪಿಸಿದವರು ಟೋಪಿಯನ್ನು ಗೊಂಬೆಯ ತಲೆ ಮೇಲೆ ಇಟ್ಟು ಯೋಚಿಸಿದ್ದರು ಅನ್ನುವುದು ಕಾಣುತ್ತಿತ್ತು. ಗೊಂಬೆಗೆ ಚಳಿ ಆಗಲ್ಲ, ಕೈ ನೋಯಲ್ಲ, ಅದು ಯಾರ ಮುಂದೆ ಬೇಕಾದರೂ ಬರಿತಲೆಯಲ್ಲಿ ನಿಲ್ಲುತ್ತೆ.

ಹಲವು ಬಗೆಯಲ್ಲಿ ಹಾಕುವುದು ಹೊಸ ಯೋಚನೆ ಅನ್ನುವ ಹಾಗೆ ನಿಮ್ಮ ಬರಹದಲ್ಲಿತ್ತು. ಅದು ಹಾಗಲ್ಲ. ನನಗೆ ತುಂಬ ಇಷ್ಟವಾದ ಒಂದು ಹಳೇ ಟೋಪಿ ಇದೆ, ಯುರೋಪಿನದು, ಶಾಪರಾನ್ ಅಂತ ಹೆಸರು. ಮೊದಲಿಗೆ ಅದು ಒಂದು ಸಾದಾ ಮುಸುಕು. ತಲೆ ಮುಚ್ಚುವ ಭಾಗ, ಮುಖಕ್ಕೆ ಒಂದು ತೂತು, ಭುಜದ ಮೇಲೆ ಇಳಿಯುವ ಸಣ್ಣ ಹೊದಿಕೆ, ಹಿಂದೆ ತೂಗುವ ಉದ್ದನೆಯ ಬಾಲ. ಸುಮಾರು 14ನೇ ಶತಮಾನದಲ್ಲಿ ಜನ ಅದನ್ನು ತಿರುಗಿಸಿ ಹಾಕೋಕೆ ಶುರು ಮಾಡಿದರು. ಮುಖದ ತೂತನ್ನು ನೆತ್ತಿಯ ಮೇಲೆ ಕೂರಿಸಿ, ಅದರ ಅಂಚನ್ನು ಸುರುಳಿ ಸುತ್ತಿ ತಲೆಯ ಅಳತೆಗೆ ತಂದುಕೊಂಡರು. ಆಗ ಭುಜದ ಹೊದಿಕೆ ಒಂದು ಬದಿಗೆ ಕೋಳಿಯ ಜುಟ್ಟಿನ ಹಾಗೆ ಬಿತ್ತು, ಬಾಲ ಇನ್ನೊಂದು ಬದಿಗೆ ಇಳಿಯಿತು. ಬಾಲವನ್ನು ತಲೆಗೆ ಸುತ್ತಬಹುದು, ಕತ್ತಿಗೆ ಸುತ್ತಬಹುದು, ಭುಜದ ಮೇಲೆ ಬಿಡಬಹುದು. ಒಂದು ಗುಂಡಿ ಇಲ್ಲ, ಒಂದು ಹುಕ್ಕು ಇಲ್ಲ. ಯಾರೋ ಕೂತು ಹತ್ತು ಬಗೆ ಅಂತ ಯೋಜನೆ ಹಾಕಿ ಮಾಡಿದ್ದಲ್ಲ ಅದು, ಸೆಕೆಯಾದಾಗ ಮುಸುಕನ್ನು ಏನು ಮಾಡುವುದು ಅನ್ನುವಂಥ ಯಾವುದೋ ಸಣ್ಣ ಕಷ್ಟದಿಂದ ಹುಟ್ಟಿರಬೇಕು ಅಂತ ನನಗೆ ಅನ್ನಿಸುತ್ತದೆ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಯಾನ್ ವಾನ್ ಐಕ್ 1433ರಲ್ಲಿ ಬರೆದ ಒಂದು ಚಿತ್ರ ಇದೆ. ಕೆಂಪು ರುಮಾಲು ಸುತ್ತಿದ ಗಂಡಸು. ಅವನು ಚಿತ್ರಕಾರನೇ ಇರಬಹುದು ಅನ್ನುತ್ತಾರೆ. ರುಮಾಲು ಅಂತ ಕಂಡರೂ ಅದು ಇದೇ ಶಾಪರಾನ್. ತೂಗಬೇಕಾದ ತುದಿಗಳನ್ನು ಮೇಲಕ್ಕೆತ್ತಿ ನೆತ್ತಿಯ ಸುತ್ತ ಕಟ್ಟಿಕೊಂಡಿದ್ದಾನೆ. ಕೆಲಸ ಮಾಡುವಾಗ ಬಟ್ಟೆ ಮುಖಕ್ಕೆ, ಬಣ್ಣಕ್ಕೆ ಬೀಳಬಾರದಲ್ವಾ? ನಾನು ಆ ಚಿತ್ರದ ಫೋಟೊವನ್ನು ಮಿಷನ್ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದೇನೆ. ಮಡಿಕೆಗಳನ್ನು ಅಷ್ಟು ಚೆನ್ನಾಗಿ ತೋರಿಸಿದ ಚಿತ್ರ ನಾನು ಬೇರೆ ನೋಡಿಲ್ಲ.

ಆ ಟೋಪಿಗೆ ಮುಂದೆ ಏನಾಯಿತು ಅನ್ನುವುದನ್ನೂ ಹೇಳಬೇಕು. ಸುರುಳಿ ಸುತ್ತಿದ ಅಂಚು ಚೆಂದ ಕಂಡಿತು ಅಂತ ಅದನ್ನೇ ಒಳಗೆ ತುಂಬಿ, ಗಟ್ಟಿ ಉಂಗುರ ಮಾಡಿ ಹೊಲಿದರು. ಒಂದು ಬಗೆಯಲ್ಲಿ ಅಚ್ಚುಕಟ್ಟಾಗಿ ಕೂರುವಂತಾಯಿತು. ಆದರೆ ಗಟ್ಟಿ ಉಂಗುರವನ್ನು ಮತ್ತೆ ಬಿಚ್ಚಿ ಮುಸುಕಾಗಿ ಇಳಿಸೋಕೆ ಆಗಲ್ಲ. ನನ್ನ ಕೆಲಸದಲ್ಲೂ ಇದನ್ನೇ ನೋಡಿದ್ದೇನೆ. ಆಕಾರ ನಿಲ್ಲಲಿ ಅಂತ ಎಲ್ಲಿ ಕ್ಯಾನ್ವಾಸ್ ಇಟ್ಟು ಗಟ್ಟಿ ಮಾಡುತ್ತೇನೋ ಅಲ್ಲಿ ಒಂದು ಬಗೆ ಕಡಿಮೆಯಾಗುತ್ತದೆ.

ಚಳಿ ದೇಶಗಳಲ್ಲಿ ಇದಕ್ಕೆ ಬೇರೆ ಉತ್ತರ ಕಂಡುಕೊಂಡರು. ರಷ್ಯಾದ ಉಶಾಂಕಾ ಟೋಪಿ ಎಲ್ಲರಿಗೂ ಗೊತ್ತಿರುತ್ತೆ, ತುಪ್ಪಳದ್ದು, ಕಿವಿಗೆ ಎರಡು ರೆಕ್ಕೆ. ಕಿವಿ ಅನ್ನುವ ಪದದಿಂದಲೇ ಅದಕ್ಕೆ ಆ ಹೆಸರು. ರೆಕ್ಕೆಗಳನ್ನು ನೆತ್ತಿ ಮೇಲೆ ಕಟ್ಟಬಹುದು, ಗದ್ದದ ಕೆಳಗೆ ಕಟ್ಟಬಹುದು, ತಲೆಯ ಹಿಂದೆ ಕಟ್ಟಬಹುದು. ಮೂರೇ ಬಗೆ. ಮೂರಕ್ಕೂ ಅದೇ ಎರಡು ಲಾಡಿ. ಹಿಂದೆ ಕಟ್ಟಿದರೆ ಕಿವಿ ಬೆಚ್ಚಗಿರುತ್ತೆ, ಗದ್ದ ಬಿಡುವಾಗಿರುತ್ತೆ. ಅದರ ತಲೆಭಾಗ ಎಂದೂ ಬದಲಾಗುವುದಿಲ್ಲ, ರೆಕ್ಕೆ ಮಾತ್ರ ಓಡಾಡುತ್ತದೆ. ಬಾಲಕ್ಲಾವಾ ಕೂಡ ಹೀಗೇ. ಕ್ರೈಮಿಯಾ ಯುದ್ಧದಲ್ಲಿ 1854ರ ಕಾಳಗ ನಡೆದ ಊರಿನ ಹೆಸರು ಆ ಉಣ್ಣೆಯ ಮುಸುಕಿಗೆ ಬಂದಿದೆ. ಕೆಳಗೆ ಎಳೆದರೆ ಕತ್ತಿನ ತನಕ, ಮೇಲಕ್ಕೆ ಸುರುಳಿ ಸುತ್ತಿದರೆ ಸಾದಾ ಉಣ್ಣೆ ಟೋಪಿ.

ಇನ್ನು ನಿಮ್ಮ ಬರಹದಲ್ಲಿ ಜಾಸ್ತಿ ಜಾಗ ಸಿಕ್ಕಿದ್ದು ಕೊಳವೆ ಬಟ್ಟೆಗೆ, ಅಂದರೆ ಎರಡೂ ತುದಿ ತೆರೆದಿರುವ, ಕತ್ತಿಗೂ ತಲೆಗೂ ಹಾಕುವ ಹಿಗ್ಗುವ ಬಟ್ಟೆಗೆ. ಅದು ಒಳ್ಳೆಯ ವಸ್ತು, ನನಗೂ ಇಷ್ಟ. 1990ರ ದಶಕದ ಆರಂಭದಲ್ಲಿ ಸ್ಪೇನ್ ದೇಶದ ಕ್ಯಾಟಲೋನಿಯಾದಲ್ಲಿ ಮೋಟರ್‌ಸೈಕಲ್ ಓಡಿಸುವ ಹವ್ಯಾಸ ಇದ್ದ ಜೋನ್ ರೋಹಾಸ್ ಅನ್ನುವವರು ಇದನ್ನು ಬಫ್ ಅನ್ನುವ ಹೆಸರಲ್ಲಿ ಮಾರುಕಟ್ಟೆಗೆ ತಂದರು. ಅದರ ಗುಟ್ಟು ಇರುವುದು ಮಿಷನ್ನಿನಲ್ಲಿ. ದುಂಡಗೆ ಹೆಣೆಯುವ ಮಿಷನ್ ಅದು, ಬಟ್ಟೆ ಕೊಳವೆಯಾಗಿಯೇ ಹೊರಬರುತ್ತದೆ, ಪಕ್ಕದಲ್ಲಿ ಹೊಲಿಗೆಯೇ ಇರುವುದಿಲ್ಲ. ಹೊಲಿಗೆ ಇಲ್ಲ ಅಂದರೆ ಹಿಂದೆ ಮುಂದೆ ಅನ್ನುವುದಿಲ್ಲ, ಹೇಗೆ ತಿರುಗಿಸಿದರೂ ಚುಚ್ಚುವುದಿಲ್ಲ. ಕತ್ತಿನಿಂದ ಮೂಗಿನ ಮೇಲಕ್ಕೆ, ಮೂಗಿನಿಂದ ಹಣೆಗೆ ಒಂದೇ ಕೈಯಲ್ಲಿ ಎಳೆಯಬಹುದು. ಈ ಪರೀಕ್ಷೆಯಲ್ಲಿ ಅದು ಪಾಸು. ಆದರೆ ಅದನ್ನೇ ಪೂರ್ತಿ ಟೋಪಿ ಮಾಡಬೇಕು ಅಂದರೆ ಮಧ್ಯದಲ್ಲಿ ತಿರುಚಿ ಒಂದರ ಮೇಲೊಂದು ಮಡಚಬೇಕು. ಅದಕ್ಕೆ ತಲೆಯಿಂದ ತೆಗೆಯಬೇಕು. ತಿರುಚಿದ ಜಾಗ ನೆತ್ತಿ ಮೇಲೆ ಗಂಟಾಗಿ ಕೂರುತ್ತೆ, ತಲೆಯ ಚರ್ಮ ನೋಯುವವರಿಗೆ ದಿಂಬಿನ ಮೇಲೆ ಮಲಗಿದಾಗ ಅದೇ ಒತ್ತುತ್ತೆ.

ಬಿಸಿಲಿನ ಬಗ್ಗೆಯೂ ಒಂದು ಮಾತು, ಇದು ನಿಮ್ಮ ಬರಹದಲ್ಲಿ ತಪ್ಪಾಗಿತ್ತು. ಕೊಳವೆ ಬಟ್ಟೆ ಹಾಕಿಕೊಂಡರೆ ಬಿಸಿಲಿನ ಟೋಪಿ ಬೇಕಾಗಿಲ್ಲ ಅಂತ ಬರೆದಿದ್ದೀರಿ. ಬೇಕು. ಬಟ್ಟೆ ಬಿಸಿಲನ್ನು ಎಷ್ಟು ತಡೆಯುತ್ತೆ ಅನ್ನುವ ಅಳತೆಗೆ ಯುಪಿಎಫ್ ಅನ್ನುತ್ತಾರೆ. ಯುಪಿಎಫ್ 50 ಅಂದರೆ ಆ ಬಟ್ಟೆ ಅಲ್ಟ್ರಾವಯಲೆಟ್ ಕಿರಣದ 50ರಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಡುತ್ತದೆ ಅಂತ. ಆದರೆ ಹೆಣೆದ ಬಟ್ಟೆಯನ್ನು ತಲೆಗೆ ಬಿಗಿಯಾಗಿ ಎಳೆದಾಗ ಅದರ ಕಣ್ಣುಗಳು ಅಗಲವಾಗುತ್ತವೆ, ಕಿರಣ ಜಾಸ್ತಿ ಒಳಗೆ ಬರುತ್ತದೆ. ಮುಖಕ್ಕೆ ನೆರಳಂತೂ ಇಲ್ಲವೇ ಇಲ್ಲ. ಆಸ್ಟ್ರೇಲಿಯಾದ ಕ್ಯಾನ್ಸರ್ ಕೌನ್ಸಿಲ್ ದೊಡ್ಡವರ ಟೋಪಿಗೆ ಕನಿಷ್ಠ 7.5 ಸೆಂಟಿಮೀಟರ್ ಅಗಲದ ಅಂಚು ಇರಲಿ ಅನ್ನುತ್ತದೆ, ಅದೂ ಸುತ್ತಲೂ. ಮುಂದೆ ಮಾತ್ರ ಅಂಚಿರುವ ಕ್ರಿಕೆಟ್ ಕ್ಯಾಪ್‌ನಲ್ಲಿ ಕಿವಿ ಮತ್ತು ಕತ್ತು ಬಿಸಿಲಿಗೇ ಇರುತ್ತವೆ. ಅದನ್ನು ಹಿಂದು ಮುಂದಾಗಿ ಹಾಕಿದರೆ ಕತ್ತಿಗೆ ನೆರಳು ಸಿಗುತ್ತೆ, ಮುಖಕ್ಕೆ ಹೋಗುತ್ತೆ. ಅದನ್ನು ಎರಡು ಬಗೆ ಅಂತ ಎಣಿಸುವುದು ನನಗೆ ಸರಿ ಕಾಣುವುದಿಲ್ಲ.

ಹಾಗೆಯೇ ಕ್ಯಾಪನ್ನು ಅಡ್ಡಲಾಗಿ ತಿರುಗಿಸಿದ ಒಂದು ಫೋಟೊ ಇತ್ತು. ಅದನ್ನು ಹಾಕಿಕೊಂಡವರಿಗೆ ಹತ್ತು ನಿಮಿಷದಲ್ಲಿ ಹಣೆ ನೋಯೋಕೆ ಶುರುವಾಗಿರುತ್ತೆ ಅಂತ ನಾನು ನೋಡಿದ ಕೂಡಲೇ ಅಂದುಕೊಂಡೆ. ಯಾಕೆ ಅಂದರೆ ತಲೆ ದುಂಡಗಿಲ್ಲ. ಹಣೆಯಿಂದ ಹಿಂದಲೆಯ ತನಕ ಸುಮಾರು 19 ಸೆಂಟಿಮೀಟರ್ ಇದ್ದರೆ ಕಿವಿಯಿಂದ ಕಿವಿಗೆ 15ರ ಆಸುಪಾಸು, ಅಂದರೆ ಮೊಟ್ಟೆಯ ಆಕಾರ. ಗಟ್ಟಿ ತಲೆಭಾಗ ಇರುವ ಕ್ಯಾಪನ್ನು ಅಡ್ಡ ತಿರುಗಿಸಿದರೆ ಹಣೆಗೂ ಹಿಂದಲೆಗೂ ಒತ್ತುತ್ತೆ, ಕಿವಿಯ ಮೇಲೆ ಸಂದು ಬಿಡುತ್ತೆ. ಎಲ್ಲ ದಿಕ್ಕಿಗೂ ತಿರುಗಬೇಕಾದ ಟೋಪಿ ಮೆತ್ತಗಿರಬೇಕು, ಬೇರೆ ದಾರಿ ಇಲ್ಲ. ಅದಕ್ಕೆ ನೇಯ್ದ ಬಟ್ಟೆಯಾದರೆ ಪಟ್ಟಿಯನ್ನು ಕ್ರಾಸ್ ಕಟ್ ಮಾಡಿ ಇಡಬೇಕು. ಹಾಸು ಹೊಕ್ಕಿಗೆ ಓರೆಯಾಗಿ ಕತ್ತರಿಸಿದ ಬಟ್ಟೆ ಎಲಾಸ್ಟಿಕ್ ಇಲ್ಲದೆಯೂ ಸ್ವಲ್ಪ ಹಿಗ್ಗುತ್ತದೆ. ದೊಡ್ಡವರ ತಲೆಯ ಸುತ್ತಳತೆ ಹೆಚ್ಚಾಗಿ 54ರಿಂದ 61 ಸೆಂಟಿಮೀಟರ್ ಒಳಗೆ ಬರುತ್ತದೆ. ಎಲ್ಲರಿಗೂ ಒಂದೇ ಅಳತೆ ಸಾಕು ಅನ್ನುವವರು ಈ ಏಳು ಸೆಂಟಿಮೀಟರನ್ನು ಎಲಾಸ್ಟಿಕ್ ಮೇಲೆ ಹಾಕಿಬಿಡುತ್ತಾರೆ. ದೊಡ್ಡ ತಲೆಯವರ ಹಣೆಯಲ್ಲಿ ಸಂಜೆ ಹೊತ್ತಿಗೆ ಕೆಂಪು ಗೆರೆ.

ಎರಡು ಮಗ್ಗುಲಿನ ಟೋಪಿ, ಅಂದರೆ ಉಲ್ಟಾ ಮಾಡಿಯೂ ಹಾಕುವಂಥದ್ದು, ಹೊಲಿಯೋಕೆ ಸುಲಭ ಅಂತ ಬರೆದಿದ್ದೀರಿ. ಹೊಲಿಯೋಕೆ ಸುಲಭವೇ. ಎರಡು ಟೋಪಿ ಹೊಲಿದು, ಚೆಂದದ ಮಗ್ಗುಲು ಒಂದಕ್ಕೊಂದು ತಾಗುವ ಹಾಗೆ ಇಟ್ಟು, ಅಂಚಿನ ಸುತ್ತ ಹೊಲಿದು, ಒಂದು ಗೇಣಿನಷ್ಟು ಬಾಯಿ ಬಿಟ್ಟು, ಅದರಿಂದ ಹೊರಕ್ಕೆ ತಿರುಗಿಸಿದರೆ ಆಯಿತು. ಕಷ್ಟ ಇರುವುದು ಬೇರೆ ಕಡೆ. ಸಾಮಾನ್ಯ ಟೋಪಿಯಲ್ಲಿ ಲೈನಿಂಗನ್ನು ಎರಡು ಮೂರು ಮಿಲಿಮೀಟರ್ ಚಿಕ್ಕದಾಗಿ ಕತ್ತರಿಸುತ್ತೇವೆ, ಒಳಗೆ ಸುಕ್ಕಾಗದೆ ಕೂರಲಿ ಅಂತ. ಎರಡು ಮಗ್ಗುಲಿನದರಲ್ಲಿ ಹಾಗೆ ಮಾಡೋಕೆ ಆಗಲ್ಲ, ಇವತ್ತಿನ ಲೈನಿಂಗ್ ನಾಳೆ ಹೊರಗೆ ಬರುತ್ತೆ. ಎರಡೂ ಒಂದೇ ಅಳತೆ ಇರಬೇಕು, ಆಗ ಒಳಗಿನದು ಸ್ವಲ್ಪ ಸುಕ್ಕಾಗಿಯೇ ಆಗುತ್ತೆ. ಅದಕ್ಕೆ ಬಟ್ಟೆ ತೆಳ್ಳಗಿರಬೇಕು. ನೆತ್ತಿಯಲ್ಲಿ ಎರಡು ಪದರವನ್ನು ಸೇರಿಸಿ ಸಣ್ಣದೊಂದು ಹೊಲಿಗೆ ಹಾಕಿದರೆ ಜಾರುವುದಿಲ್ಲ. ಮುಖ್ಯವಾಗಿ ಎರಡು ಮಗ್ಗುಲಿಗೂ ಬೇರೆ ಬೇರೆ ಕೆಲಸ ಇರಬೇಕು ಅಂತ ನಾನು ಹೇಳುತ್ತೇನೆ. ಒಂದು ಕಡೆ ನೀಲಿ, ಇನ್ನೊಂದು ಕಡೆ ಹೂವಿನ ಚಿತ್ರ ಅಂತಷ್ಟೇ ಆದರೆ ಅದು ಬಣ್ಣದ ಬದಲಾವಣೆ. ಒಂದು ಕಡೆ ಮಳೆ ನೀರು ಜಾರುವ ಬಟ್ಟೆ, ಇನ್ನೊಂದು ಕಡೆ ಬೆವರು ಹೀರುವ ಹತ್ತಿ ಅಂದರೆ ಹಾಕುವವರಿಗೆ ತಿರುಗಿಸೋಕೆ ಒಂದು ಕಾರಣ ಸಿಗುತ್ತೆ. ಗುಂಗುರು ಕೂದಲಿನವರಿಗೆ ಸ್ಯಾಟಿನ್ ಮಗ್ಗುಲು ಒಳಗಿದ್ದರೆ ಕೂದಲು ಉಜ್ಜಿ ಕಡಿಯುವುದು ಕಡಿಮೆ. ಅಕ್ಕನ ಬರಿತಲೆಗೆ ಅದೇ ಸ್ಯಾಟಿನ್ ಜಾರಿ ಜಾರಿ ಹುಬ್ಬಿನ ಮೇಲೆ ಬರುತ್ತಿತ್ತು, ಅವಳಿಗೆ ಹತ್ತಿಯೇ ಬೇಕಿತ್ತು.

ಅಂಚಿನ ಬಗ್ಗೆ ಎರಡೇ ಮಾತು. ಮಡಚಬೇಕು, ಬಿಟ್ಟರೆ ನಿಲ್ಲಲೂ ಬೇಕು ಅಂದರೆ ಒಳಗೆ ಪ್ಲಾಸ್ಟಿಕ್ ಹಾಳೆ ಇಡಬೇಡಿ. ಅಂಚಿನ ಸುತ್ತ ಅರ್ಧ ಅರ್ಧ ಸೆಂಟಿಮೀಟರ್‌ಗೆ ಒಂದೊಂದು ಸಾಲು ಹೊಲಿಗೆ ಹಾಕುತ್ತಾ ಹೋಗಿ. ದಾರವೇ ಬಟ್ಟೆಗೆ ಬಲ ಕೊಡುತ್ತದೆ. ಮಡಚಿ ಚೀಲಕ್ಕೆ ತುರುಕಿದರೂ ತೆಗೆದಾಗ ಮತ್ತೆ ನಿಲ್ಲುತ್ತದೆ, ಒಗೆಯಲೂ ಬಹುದು.

ಈಗ ಗುಂಡಿ, ವೆಲ್ಕ್ರೋ, ಆಯಸ್ಕಾಂತದ ವಿಷಯ. ಇಲ್ಲಿ ಸ್ವಲ್ಪ ಬೇಜಾರಿನಿಂದಲೇ ಬರೆಯುತ್ತೇನೆ, ಯಾಕೆಂದರೆ ಇದು ಅಂದಚೆಂದದ ಮಾತಲ್ಲ. ಬಗೆ ಜಾಸ್ತಿ ಮಾಡಬೇಕು ಅಂದ ಕೂಡಲೇ ಎಲ್ಲರೂ ಮೊದಲು ಕೈ ಹಾಕುವುದು ಇವಕ್ಕೇ. ವೆಲ್ಕ್ರೋ ಕೂದಲನ್ನು ಹಿಡಿಯುತ್ತೆ, ಹೆಣೆದ ಬಟ್ಟೆಯ ನೂಲನ್ನು ಕೀಳುತ್ತೆ, ಬಿಚ್ಚಿದಾಗ ಪರ್ ಅಂತ ಸದ್ದು ಮಾಡಿ ಪಕ್ಕದವರೆಲ್ಲ ತಿರುಗಿ ನೋಡುವ ಹಾಗೆ ಮಾಡುತ್ತೆ. ಟಿಚ್ ಬಟನ್ ಹೆಲ್ಮೆಟ್ ಅಡಿಯಲ್ಲಿ ತಲೆಗೆ ಒತ್ತುತ್ತೆ. ಕ್ಯಾಪಿನ ನೆತ್ತಿಯ ಮೇಲಿನ ಆ ಸಣ್ಣ ಗುಂಡಿಯೂ ಅಷ್ಟೇ. ಹೆಲ್ಮೆಟ್ ಒಳಗೆ ಹಾಕುವಂಥದ್ದು ಅಂತ ಹೇಳಿ ಮಾರುವುದಾದರೆ ನೆತ್ತಿಯಲ್ಲಿ ಹೊಲಿಗೆ ಕೂಡುವ ಜಾಗವೇ ಇರಬಾರದು, ಬಟ್ಟೆಯೂ ತೆಳ್ಳಗೆ ಒಂದು ಪದರ ಇರಬೇಕು, ದಪ್ಪ ಆದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಆಯಸ್ಕಾಂತದ ಗುಂಡಿ ಕೈ ನೋಯುವವರಿಗೆ ತುಂಬ ಅನುಕೂಲ, ಅದನ್ನು ಒಪ್ಪುತ್ತೇನೆ. ಆದರೆ ಕಿವಿ ಕೇಳಿಸದೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡವರ ತಲೆಯ ಚರ್ಮದ ಅಡಿಯಲ್ಲೇ ಒಂದು ಆಯಸ್ಕಾಂತ ಇರುತ್ತದೆ. ಮಿದುಳಿನ ನೀರು ಹರಿಸಲು ಇಡುವ ಕೆಲವು ಬಗೆಯ ವಾಲ್ವುಗಳನ್ನೂ ಆಯಸ್ಕಾಂತ ಕೆಡಿಸಬಲ್ಲದು. ಟೋಪಿಯಲ್ಲಿ ಆಯಸ್ಕಾಂತ ಇದ್ದರೆ ಅದನ್ನು ಹೊರಗೆ ದೊಡ್ಡದಾಗಿ ಬರೆದು ತಿಳಿಸಬೇಕು.

ಮಕ್ಕಳ ಟೋಪಿಗೆ ಲಾಡಿ ಬೇಡವೇ ಬೇಡ. ಯುರೋಪಿನ ಇಎನ್ 14682 ಅನ್ನುವ ನಿಯಮದ ಪ್ರಕಾರ ಏಳು ವರ್ಷದೊಳಗಿನ ಮಕ್ಕಳ ಬಟ್ಟೆಯ ಮುಸುಕಿನ ಹತ್ತಿರ, ಕತ್ತಿನ ಹತ್ತಿರ ಎಳೆದು ಕಟ್ಟುವ ಲಾಡಿ ಇರುವಂತಿಲ್ಲ. ಆಟವಾಡುವಾಗ ಎಲ್ಲಾದರೂ ಸಿಕ್ಕಿಕೊಂಡು ಕತ್ತಿಗೆ ಬಿಗಿಯುತ್ತದೆ. ನಿಮ್ಮ ಬರಹದ ಒಂಬತ್ತನೇ ಫೋಟೊದಲ್ಲಿ ಒಂದು ಮಗುವಿನ ಟೋಪಿಗೆ ಉದ್ದದ ಲಾಡಿ ಇತ್ತು. ಅದನ್ನು ನೋಡಿ ನನಗೆ ನಿಜವಾಗಿಯೂ ಗಾಬರಿಯಾಯಿತು.

ಶ್ರವಣ ಸಾಧನ ಹಾಕುವ ಒಬ್ಬ ಹಿರಿಯರು ನನ್ನ ಹತ್ತಿರ ಟೋಪಿ ಹೊಲಿಸುತ್ತಾರೆ. ಕಿವಿ ಮುಚ್ಚಿದರೆ ಯಂತ್ರ ಕೀ ಅಂತ ಕೂಗುತ್ತೆ, ಬಟ್ಟೆ ಮೈಕಿಗೆ ಉಜ್ಜಿ ಸರಸರ ಸದ್ದು ಬರುತ್ತೆ ಅಂದರು. ಅವರಿಗೆ ಕಿವಿಯ ರೆಕ್ಕೆಯನ್ನು ಮೇಲೆ ಎತ್ತಿದಾಗ ಯಂತ್ರದಿಂದ ಒಂದು ಬೆರಳಿನಷ್ಟು ದೂರ ನಿಲ್ಲುವ ಹಾಗೆ ಮಾಡಿಕೊಟ್ಟೆ. ಚಳಿಗೆ ಇಳಿಸುತ್ತಾರೆ, ಯಾರಾದರೂ ಮಾತಾಡಿಸಿದರೆ ಎತ್ತುತ್ತಾರೆ. ಎರಡೇ ಬಗೆ. ದಿನಕ್ಕೆ ಇಪ್ಪತ್ತು ಸಲ ಬದಲಾಗುತ್ತೆ ಆ ಟೋಪಿ.

ಚಳಿ ಅಂದ ಮೇಲೆ ಇನ್ನೊಂದು. ದೇಹದ ಅರ್ಧ ಬಿಸಿ ತಲೆಯಿಂದಲೇ ಹೋಗುತ್ತೆ ಅಂತ ನೀವು ಬರೆದಿದ್ದೀರಿ. ತುಂಬ ಜನ ಹಾಗೇ ಹೇಳುತ್ತಾರೆ, ಆದರೆ ಅದು ಸರಿಯಲ್ಲ. ತಲೆ ದೇಹದ ಮೇಲ್ಮೈಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು, ಅದರಿಂದ ಹೋಗುವ ಬಿಸಿಯೂ ಹೆಚ್ಚು ಕಡಿಮೆ ಅಷ್ಟೇ. ಉಳಿದ ಮೈಯೆಲ್ಲ ಮುಚ್ಚಿ ತಲೆ ಮಾತ್ರ ಬಿಟ್ಟಿದ್ದರೆ ಚಳಿ ಅಲ್ಲೇ ಗೊತ್ತಾಗುತ್ತೆ, ಅಷ್ಟೇ ವಿಷಯ.

ಅಕ್ಕನಿಗೆ ಕೊನೆಗೆ ಏನು ಮಾಡಿಕೊಟ್ಟೆ ಅಂತ ಹೇಳಿ ಮುಗಿಸುತ್ತೇನೆ. ಮೊದಲು ತಂದಿದ್ದರ ಹಾಗೇ ಒಂದು ಹೊಲಿದೆ, ಲಾಡಿ ಕಮ್ಮಿ ಮಾಡಿ. ಅವಳಿಗೆ ಆಗಲಿಲ್ಲ. ಆಮೇಲೆ ನಾಲ್ಕು ಟಿಚ್ ಬಟನ್ ಇಟ್ಟು ಒಂದು ಮಾಡಿದೆ, ರಾತ್ರಿ ಮಲಗಿದಾಗ ಚುಚ್ಚುತ್ತೆ ಅಂದಳು. ಗೋಡೆ ಮೇಲಿನ ಆ ಕೆಂಪು ಶಾಪರಾನ್ ನೋಡುತ್ತಾ ಕೂತಿದ್ದಾಗ ಹೊಳೆದಿದ್ದು ಮುಖದ ತೂತು. ಟೋಪಿಯಿಂದ ಶುರು ಮಾಡುವ ಬದಲು ಮುಸುಕಿನಿಂದ ಶುರು ಮಾಡಬೇಕು. ಮೆತ್ತಗಿನ ಹತ್ತಿಯ ಹೆಣೆದ ಬಟ್ಟೆಯಲ್ಲಿ ಒಂದು ಮುಸುಕು ಮಾಡಿದೆ, ಕತ್ತಿನ ತನಕ ಇಳಿಯುವಂಥದ್ದು, ಮುಖಕ್ಕೆ ಮಾತ್ರ ತೂತು. ಹೊಲಿಗೆಯ ಮಡಿಕೆಗಳೆಲ್ಲ ಹೊರಗಡೆಗೆ ಬರುವ ಹಾಗೆ ಇಟ್ಟೆ, ಚರ್ಮಕ್ಕೆ ಒಂದೂ ತಾಗಬಾರದು ಅಂತ. ನೋಡೋಕೆ ಉಲ್ಟಾ ಹಾಕಿದ ಹಾಗೆ ಕಾಣಬಾರದು ಅಂತ ಆ ಮಡಿಕೆಗಳ ಮೇಲೆ ತೆಳ್ಳಗೆ ಒಂದು ಪಟ್ಟಿ ಹೊಲಿದೆ.

ಅದು ಹೇಗೆ ಬದಲಾಗುತ್ತೆ ಅಂದರೆ, ಪೂರ್ತಿ ಇಳಿಸಿದರೆ ತಲೆ, ಕಿವಿ, ಕತ್ತು ಮೂರೂ ಮುಚ್ಚುತ್ತೆ, ವಾಹನದಲ್ಲಿ ಗಾಳಿಗೆ. ಗದ್ದದ ಹತ್ತಿರದ ಅಂಚನ್ನು ಹಿಡಿದು ಮುಖದ ಮೇಲಿಂದ ಹಣೆಗೆ ಎತ್ತಿದರೆ ಮುಂದೆ ದಪ್ಪ ಪಟ್ಟಿಯಾಗುತ್ತೆ, ಹಿಂದೆ ಕತ್ತಿನ ಮೇಲೆ ಬಟ್ಟೆ ಇಳಿದಿರುತ್ತೆ. ಕೂದಲು ಇಲ್ಲದವರಿಗೆ ಕತ್ತಿನ ಹಿಂದಿನ ಆ ಜಾಗ ಮುಚ್ಚಿರುವುದು ತುಂಬ ಮುಖ್ಯ, ಎಷ್ಟೋ ಟೋಪಿಗಳು ಅದನ್ನು ಮರೆತುಬಿಡುತ್ತವೆ. ಸೆಕೆಯಾದರೆ ಹಿಂದಿನದನ್ನೂ ಸುರುಳಿ ಸುತ್ತಿ ಮೇಲೆ ತಂದರೆ ಸಣ್ಣ ಟೋಪಿ. ಮೂರೇ ಬಗೆ. ಮೂರಕ್ಕೂ ಒಂದೇ ಕೈ ಸಾಕು, ಅದೂ ಎದೆಯ ಮಟ್ಟದಿಂದ ಶುರುವಾಗಿ ಹಣೆ ಮಟ್ಟಕ್ಕೆ ಹೋಗುವ ಕೈ, ಅವಳ ಚೆನ್ನಾಗಿರುವ ಬದಿಯದು. ನೆತ್ತಿ ಯಾವ ಹೊತ್ತಿನಲ್ಲೂ ಬಯಲಾಗುವುದಿಲ್ಲ. ಬಿಸಿಲಿಗೆ ಅಂಚು ಬೇರೆಯೇ ಮಾಡಿದೆ, ಒಂದು ಬಳೆಯ ಹಾಗೆ, ಮೇಲಿಂದ ತೊಡಿಸಿದರೆ ಪಟ್ಟಿಯ ಮೇಲೆ ಕೂರುತ್ತೆ. ಅದನ್ನು ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಒಂದು ತೊಂದರೆ ಉಳಿದಿತ್ತು. ಕನ್ನಡಿ ಇಲ್ಲದೆ ಗದ್ದದ ಅಂಚು ಯಾವುದು ಅಂತ ಬೆರಳಿಗೆ ಗೊತ್ತಾಗುತ್ತಿರಲಿಲ್ಲ, ಸುಮ್ನೆ ತಡಕಾಡುತ್ತಿದ್ದಳು. ಅಲ್ಲಿ ದಪ್ಪ ದಾರದಲ್ಲಿ ಮೂರು ಸಣ್ಣ ಗಂಟು ಹಾಕಿದೆ. ಕಣ್ಣಿಗೆ ಕಾಣಲ್ಲ, ಬೆರಳಿಗೆ ಸಿಗುತ್ತೆ. ಮುಂದಿನ ಸಲ ಆಸ್ಪತ್ರೆಗೆ ಜೊತೆಗೆ ಹೋಗಿದ್ದೆ. ಒಳಗೆ ಕರೆಯುವ ತನಕ ಹೊರಗೆ ಕುರ್ಚಿ ಮೇಲೆ ಕೂತಿದ್ದೆವು. ಅಕ್ಕ ನನ್ನ ಜೊತೆ ಏನೋ ಮಾತಾಡುತ್ತಾ, ಮಾತು ನಿಲ್ಲಿಸದೆ, ಆ ಗಂಟನ್ನು ಹಿಡಿದು ಟೋಪಿಯನ್ನು ಹಣೆಗೆ ಎತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಸಿಕೊಂಡಳು. ಯಾರೂ ತಿರುಗಿ ನೋಡಲಿಲ್ಲ. ಅವತ್ತು ನನಗೆ ಆದ ಸಂತೋಷ ಹೇಳಿ ಮುಗಿಯುವಂಥದ್ದಲ್ಲ. ಈಗ ಅಕ್ಕ ಹುಷಾರಾಗಿದ್ದಾಳೆ, ಕೂದಲು ಭುಜದ ತನಕ ಬೆಳೆದಿದೆ. ಆ ಅಳತೆಯಲ್ಲೇ ಆಮೇಲೆ ತುಂಬ ಜನಕ್ಕೆ ಹೊಲಿದುಕೊಟ್ಟಿದ್ದೇನೆ, ಪ್ರತಿಯೊಂದಕ್ಕೂ ಆ ಮೂರು ಗಂಟು ಹಾಕುತ್ತೇನೆ.

ಸಂಪಾದಕರೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಇಂಥ ಟೋಪಿಯ ಬಗ್ಗೆ ಬರೆಸುವಾಗ ಬರೆಯುವವರು ಅದನ್ನು ಒಂದು ದಿನ ಪೂರ್ತಿ ಹಾಕಿಕೊಂಡು ಓಡಾಡಲಿ. ಹೊರಗೆ, ಒಳಗೆ, ಹೆಲ್ಮೆಟ್ ಅಡಿಯಲ್ಲಿ, ಕನ್ನಡಕದ ಜೊತೆ. ಎಷ್ಟು ಸಲ ಬದಲಾಯಿಸಿದರು, ಯಾಕೆ ಬದಲಾಯಿಸಿದರು ಅಂತ ಬರೆಯಲಿ. ಫೋಟೊ ತೆಗೆಯುವವರು ಹಿಂದಿನಿಂದಲೂ ಒಂದು ತೆಗೆಯಲಿ, ಕತ್ತಿನ ಹಿಂದೆ ಏನಾಗುತ್ತೆ ಅಂತ ಓದುವವರಿಗೆ ಕಾಣಬೇಕು. ಹಾಗೆಯೇ ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ, ಕೈ ಟೋಪಿಯ ಮೇಲೇ ಇರುವಾಗ, ಒಂದು ಫೋಟೊ ತೆಗೆಯಲಿ. ಜಾಗ ಸಾಲದಿದ್ದರೆ ಹನ್ನೆರಡು ಫೋಟೊದಲ್ಲಿ ಒಂಬತ್ತನ್ನು ಬಿಟ್ಟು ಅದೊಂದನ್ನು ಹಾಕಿ.

ಇಂತಿ ನಿಮ್ಮ ಓದುಗಳು,
ಟೋಪಿ ಹೊಲಿಯುವವಳು